ಮೊದಲಿನ ಪ್ರೀತಿಗೆ ಹಿಂದಿರುಗುವುದು: ಸಭೆಯಲ್ಲಿ ವಾಕ್ಯವನ್ನೂ ಪ್ರೀತಿಯನ್ನೂ ಮತ್ತೆ ಕೂಡಿಸುವ ದಾರಿ

ಎಫೆಸ ಪಟ್ಟಣದ ಸಭೆಯ, ಅಂದರೆ ಅಲ್ಲಿನ ಕ್ರೈಸ್ತ ವಿಶ್ವಾಸಿಗಳ ಬಳಗದ ಕಥೆ ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಒಂದೇ ಜಾಗದಲ್ಲಿ ಸಿಗುವುದಿಲ್ಲ. ಬೇರೆ ಬೇರೆ ಪುಸ್ತಕಗಳಲ್ಲಿ ಹಂಚಿಹೋಗಿದೆ. ಎಲ್ಲವನ್ನೂ ಕೂಡಿಸಿ ಓದಿದರೆ ಇವತ್ತಿನ ಎಷ್ಟೋ ಸಭೆಗಳ ಕಥೆ ಅದರಲ್ಲಿ ಕಾಣಿಸುತ್ತದೆ.

ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯದಲ್ಲಿ ಅಪೊಸ್ತಲನಾದ ಪೌಲನು ಎಫೆಸದ ಹಿರಿಯರನ್ನು ಮಿಲೇತಕ್ಕೆ ಕರೆಸಿಕೊಳ್ಳುತ್ತಾನೆ. ಮೂರು ವರ್ಷ ಅವರ ನಡುವೆ ಇದ್ದು ಕಣ್ಣೀರಿನಿಂದ ಬುದ್ಧಿ ಹೇಳಿದವನು. ನಾನು ಹೋದ ಮೇಲೆ ತೋಳಗಳು ನುಗ್ಗುತ್ತವೆ, ನಿಮ್ಮೊಳಗಿಂದಲೇ ತಪ್ಪು ಬೋಧಿಸುವವರು ಏಳುತ್ತಾರೆ, ಎಚ್ಚರವಾಗಿರಿ ಎಂದು ಹೇಳಿ ಹೊರಡುತ್ತಾನೆ. ಆಮೇಲೆ ತನ್ನ ಜೊತೆಕೆಲಸಗಾರ ತಿಮೊಥೆಯನನ್ನು ಅದೇ ಊರಲ್ಲಿ ಉಳಿಸುತ್ತಾನೆ. ತಪ್ಪು ಬೋಧನೆ ತಡೆಯುವುದು ಅವನ ಕೆಲಸ. ಆದರೆ ಈ ಅಪ್ಪಣೆಯ ಗುರಿ ಪ್ರೀತಿಯೇ ಎಂದು ಪೌಲನು ಅಲ್ಲೇ ಸೇರಿಸಿ ಬರೆಯುತ್ತಾನೆ (1 ತಿಮೊಥೆಯ 1:5). ಎಫೆಸದವರಿಗೆ ಬರೆದ ಪತ್ರದಲ್ಲೂ ಅಷ್ಟೇ. ಸತ್ಯವನ್ನು ಪ್ರೀತಿಯಿಂದ ನುಡಿಯುತ್ತಾ ಕ್ರಿಸ್ತನಲ್ಲಿ ಬೆಳೆಯಿರಿ ಎನ್ನುತ್ತಾನೆ.

ಕೊನೆಗೆ ಪ್ರಕಟನೆ ಪುಸ್ತಕದ 2ನೇ ಅಧ್ಯಾಯದಲ್ಲಿ ಯೇಸುವೇ ಆ ಸಭೆಯೊಂದಿಗೆ ಮಾತಾಡುತ್ತಾನೆ. ತೋಳಗಳ ಬಗ್ಗೆ ಕೊಟ್ಟ ಎಚ್ಚರಿಕೆಯನ್ನು ಅವರು ಚೆನ್ನಾಗಿ ಪಾಲಿಸಿದ್ದಾರೆ. ಸುಳ್ಳು ಅಪೊಸ್ತಲರನ್ನು ಪರೀಕ್ಷಿಸಿ ಹಿಡಿದಿದ್ದಾರೆ. ದಣಿಯದೆ ದುಡಿದಿದ್ದಾರೆ. ಇದೆಲ್ಲ ನಿಜ, ಯೇಸುವೇ ಮೆಚ್ಚಿ ಹೇಳುತ್ತಾನೆ. ಆದರೆ ಮೊದಲಿದ್ದ ಪ್ರೀತಿಯನ್ನು ಬಿಟ್ಟುಬಿಟ್ಟಿದ್ದಾರೆ. ಬೋಧನೆ ಕಾಪಾಡಿಕೊಳ್ಳುವ ಭರದಲ್ಲಿ ಪ್ರೀತಿ ಕೈಜಾರಿತ್ತು.

ಇದಕ್ಕೆ ಉಲ್ಟಾ ದಾರಿ ಹಿಡಿದ ಸಭೆಯೂ ಅದೇ ಅಧ್ಯಾಯದಲ್ಲಿದೆ. ಥುವತೈರದ ಸಭೆಯಲ್ಲಿ ಪ್ರೀತಿ ಇತ್ತು, ಸೇವೆ ಇತ್ತು, ಮೊದಲಿಗಿಂತ ಜಾಸ್ತಿಯೇ ಇತ್ತು. ಬೋಧನೆಯ ವಿಷಯದಲ್ಲಿ ಮಾತ್ರ ಯಾರೋ ದಾರಿ ತಪ್ಪಿಸುತ್ತಿದ್ದರೂ ಸುಮ್ನೆ ಬಿಟ್ಟಿದ್ದರು. ಯೇಸು ಎರಡೂ ಸಭೆಗಳನ್ನು ತಿದ್ದುತ್ತಾನೆ. ನಾವು ಇವತ್ತು 'ನಮ್ಮದು ವಾಕ್ಯದ (ದೇವರ ಮಾತಿನ) ಸಭೆ', 'ನಮ್ಮದು ಪ್ರೀತಿಯ ಸಭೆ' ಎಂದು ಹೇಳಿಕೊಳ್ಳುವಾಗ ಈ ಎರಡು ಪತ್ರಗಳನ್ನೂ ಒಟ್ಟಿಗೆ ಓದಬೇಕು.

ಎಫೆಸದವರಿಗೆ ಯೇಸು ಕೊಟ್ಟ ದಾರಿಯಲ್ಲಿ ಮೂರು ಮಾತಿದೆ. ಎಲ್ಲಿಂದ ಬಿದ್ದೆ ಅಂತ ನೆನಪು ಮಾಡಿಕೋ. ತಿರುಗಿಕೋ. ಮೊದಲು ಮಾಡುತ್ತಿದ್ದ ಕೆಲಸಗಳನ್ನು ಮಾಡು. ಮೂರನೆಯದನ್ನು ಗಮನಿಸಿ. ಮೊದಲಿನ ಉತ್ಸಾಹ ಮತ್ತೆ ಬರುವವರೆಗೆ ಕಾಯಿರಿ ಅಂತ ಆತ ಹೇಳಲಿಲ್ಲ. ಕೆಲಸ ಶುರುಮಾಡಿ ಅಂದ. ಹಾಗಾಗಿ ಮುಂದೆ ಬರೆದಿರುವುದೆಲ್ಲ ಮಾಡುವ ಕೆಲಸಗಳೇ. ಇಡೀ ಸಭೆ ಒಪ್ಪುವವರೆಗೆ ಕಾಯಬೇಕಾಗಿಲ್ಲ. ಇಬ್ಬರು ಮೂವರಿದ್ದರೆ ಸಾಕು.

ಒಂದು ಪುಸ್ತಕವನ್ನು ಪೂರ್ತಿ, ಗಟ್ಟಿಯಾಗಿ ಓದಿ

ಬೆಳಿಗ್ಗೆ ಫೋನಿಗೆ ಒಂದು ವಚನ ಬರುತ್ತದೆ. ಹಿಂದೆ ಸೂರ್ಯೋದಯದ ಚಿತ್ರ ಇರುತ್ತದೆ. ಓದುತ್ತೇವೆ, ನಾಲ್ಕು ಜನರಿಗೆ ಕಳಿಸುತ್ತೇವೆ, ದಿನ ಶುರುವಾಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ವರ್ಷಗಟ್ಟಲೆ ಬರೀ ಅಷ್ಟೇ ಆದರೆ ನಮಗೆ ಬೇಕಾದ ವಚನಗಳು ಮಾತ್ರ ನಮ್ಮ ಹತ್ತಿರ ಉಳಿಯುತ್ತವೆ. ನಮ್ಮನ್ನು ತಿದ್ದುವ ವಚನವನ್ನು ಚಿತ್ರ ಮಾಡಿ ಕಳಿಸುವವರು ಕಡಿಮೆ, ಅಲ್ವಾ?

ಸತ್ಯವೇದದ (ಬೈಬಲಿನ) ಪತ್ರಗಳನ್ನು ಬರೆದಾಗ ಅಧ್ಯಾಯ, ವಚನ ಎಂಬ ಗುರುತುಗಳೇ ಇರಲಿಲ್ಲ. ಈಗಿರುವ ಅಧ್ಯಾಯಗಳು 13ನೇ ಶತಮಾನದ ಆರಂಭದಲ್ಲಿ ಬಂದವು. ಹೊಸ ಒಡಂಬಡಿಕೆಯ ಈಗಿನ ವಚನ ಸಂಖ್ಯೆಗಳು ಮೊದಲು ಕಾಣಿಸಿಕೊಂಡದ್ದು 1551ರಲ್ಲಿ, ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕ ಅಚ್ಚು ಹಾಕಿದ ಗ್ರೀಕ್ ಪ್ರತಿಯಲ್ಲಿ. ಅಲ್ಲಿಯವರೆಗೆ ಸಾವಿರದೈನೂರು ವರ್ಷ ಜನ ಪತ್ರವನ್ನು ಪತ್ರದ ಹಾಗೆಯೇ ಕೇಳಿಸಿಕೊಂಡಿದ್ದರು. ನಾವೂ ಹಾಗೆ ಕೇಳಬಹುದು.

ಫಿಲಿಪ್ಪಿಯವರಿಗೆ ಬರೆದ ಪತ್ರದಿಂದ ಶುರುಮಾಡಿ. ನಾಲ್ಕೇ ಅಧ್ಯಾಯ. ಗಟ್ಟಿಯಾಗಿ ಓದಿದರೂ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಒಬ್ಬರು ಓದಲಿ, ಉಳಿದವರು ಪುಸ್ತಕ ಮುಚ್ಚಿಟ್ಟು ಕೇಳಲಿ. ಮಧ್ಯದಲ್ಲಿ ವಿವರಣೆ ಬೇಡ.

ಹೀಗೆ ಕೇಳಿದಾಗ ಏನಾಗುತ್ತದೆ ನೋಡಿ. ಎರಡನೇ ಅಧ್ಯಾಯದಲ್ಲಿ ಕ್ರಿಸ್ತನು ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪ ತಾಳಿದ, ಶಿಲುಬೆಯ ಮರಣದವರೆಗೂ ತಗ್ಗಿದ ಎಂಬ ಪ್ರಸಿದ್ಧ ಮಾತುಗಳು ಬರುತ್ತವೆ. ಅದನ್ನು ಎಷ್ಟೋ ಸಲ ಬಿಡಿಯಾಗಿ ಓದಿರುತ್ತೇವೆ. ಆದರೆ ಒಂದೇ ಉಸಿರಿನಲ್ಲಿ ಮುಂದೆ ಹೋದರೆ ನಾಲ್ಕನೇ ಅಧ್ಯಾಯದಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರ ಹೆಸರು ಬರುತ್ತದೆ. ಇಬ್ಬರೂ ಪೌಲನ ಜೊತೆ ಸುವಾರ್ತೆಗಾಗಿ ಕಷ್ಟಪಟ್ಟವರು. ಈಗ ಇಬ್ಬರಿಗೂ ಸರಿಹೋಗುತ್ತಿಲ್ಲ. ಕರ್ತನಲ್ಲಿ ಒಂದೇ ಮನಸ್ಸಿನವರಾಗಿರಿ ಎಂದು ಪೌಲನು ಬೇಡಿಕೊಳ್ಳುತ್ತಾನೆ. ಈ ಪತ್ರ ಸಭೆಯಲ್ಲಿ ಓದಿದಾಗ ಅವರಿಬ್ಬರೂ ಅಲ್ಲೇ ಕೂತಿದ್ದಿರಬಹುದು.

ಆಗ ಎರಡನೇ ಅಧ್ಯಾಯ ಯಾಕೆ ಬರೆದ ಅನ್ನುವುದು ಹೊಳೆಯುತ್ತದೆ. ಒಂದೇ ಮನಸ್ಸುಳ್ಳವರಾಗಿರಿ, ಸ್ವಂತ ಹಿತ ಮಾತ್ರ ನೋಡಬೇಡಿ, ಕ್ರಿಸ್ತನಲ್ಲಿದ್ದ ಮನಸ್ಸು ನಿಮ್ಮಲ್ಲೂ ಇರಲಿ ಎಂದು ಹೇಳಿದ್ದು ಮಾತು ಬಿಟ್ಟ ಜನ ಕೂತಿದ್ದ ಒಂದು ಸಭೆಗೆ. ದೇವರ ಮಗನು ತಗ್ಗಿದ ಎಂಬ ದೊಡ್ಡ ಸತ್ಯವನ್ನು ಪೌಲನು ಇಂಥ ಜಗಳದ ಪಕ್ಕಕ್ಕೇ ತಂದಿಡುತ್ತಾನೆ. ವಾಕ್ಯ ಮತ್ತು ಪ್ರೀತಿ ಬೇರೆ ಬೇರೆ ಇಲಾಖೆಗಳಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುವುದು ಈ ಪತ್ರವನ್ನು ಹೀಗೆ ಪೂರ್ತಿ ಕೇಳಿದಾಗ.

ಆಮೇಲೆ ಯೋಹಾನನ ಮೊದಲನೇ ಪತ್ರ ಓದಿ. ನಂತರ ಮಾರ್ಕನ ಸುವಾರ್ತೆ. 16 ಅಧ್ಯಾಯ, ಗಟ್ಟಿಯಾಗಿ ಓದಲು ಸುಮಾರು ಒಂದೂವರೆ ಗಂಟೆ. ಒಂದು ಸಂಜೆ ಇದಕ್ಕೆ ಕೊಟ್ಟುಬಿಡಿ. ಹಳೆ ಒಡಂಬಡಿಕೆಯಲ್ಲಿ ರೂತಳು, ಯೋನ, ಆಮೋಸ ಒಳ್ಳೆಯ ಆರಂಭ. ಪ್ರಕಟನೆಯನ್ನೋ ದಾನಿಯೇಲನನ್ನೋ ಮೊದಲೇ ಹಿಡಿದು ಕಾಲಸೂಚನೆಗಳ ಚರ್ಚೆಗೆ ಇಳಿಯುವುದು ಬೇಡ ಅಂತ ನನ್ನ ಸಲಹೆ. ಅದಕ್ಕೂ ಸಮಯ ಬರುತ್ತದೆ.

ಓದಿದ ಮೇಲೆ ಎರಡು ಪ್ರಶ್ನೆ

ಓದಿ ಮುಗಿದ ಮೇಲೆ ಚರ್ಚೆ ಶುರುವಾದರೆ ಜಾಸ್ತಿ ತಿಳಿದವರೇ ಜಾಸ್ತಿ ಮಾತಾಡುತ್ತಾರೆ. ಉಳಿದವರು ತಲೆ ಆಡಿಸಿ ಮನೆಗೆ ಹೋಗುತ್ತಾರೆ. ಇದನ್ನು ತಪ್ಪಿಸಲು ಎರಡೇ ಪ್ರಶ್ನೆ ಇಟ್ಟುಕೊಳ್ಳಿ. ಇಲ್ಲಿ ದೇವರ ಬಗ್ಗೆ, ಕ್ರಿಸ್ತನ ಬಗ್ಗೆ ಏನು ಹೇಳಿದೆ? ಇದನ್ನು ನಂಬಿದರೆ ಈ ವಾರ ನಾನು ಯಾರ ಜೊತೆ ಹೇಗೆ ನಡೆದುಕೊಳ್ಳಬೇಕು?

ಎರಡನೇ ಪ್ರಶ್ನೆಗೆ ಉತ್ತರ ಒಬ್ಬ ಮನುಷ್ಯನ ಹೆಸರಾಗಿರಬೇಕು. 'ಎಲ್ಲರನ್ನೂ ಇನ್ನೂ ಪ್ರೀತಿಸಬೇಕು' ಎಂಬ ಉತ್ತರ ಸಾಲದು. ಹೆಸರನ್ನು ಗುಂಪಿನಲ್ಲಿ ಹೇಳಬೇಕಾಗಿಲ್ಲ, ತಮ್ಮ ಪುಸ್ತಕದಲ್ಲಿ ಬರೆದುಕೊಂಡರೆ ಸಾಕು. ಮುಂದಿನ ವಾರ ಕೂಡಿದಾಗ ಮೊದಲು ಇದನ್ನೇ ಕೇಳಿ: ಬರೆದುಕೊಂಡದ್ದು ಆಯಿತಾ? ಆಗಿಲ್ಲದಿದ್ದರೆ ಹೊಸ ಭಾಗ ಓದುವ ಅವಸರ ಬೇಡ. ವಾಕ್ಯ ಕೇಳಿ ಅದರಂತೆ ನಡೆಯದವನು ಕನ್ನಡಿಯಲ್ಲಿ ಮುಖ ನೋಡಿಕೊಂಡು ಹೋಗಿ ಮರೆತುಬಿಡುವವನ ಹಾಗೆ ಎಂದು ಯಾಕೋಬನು ಬರೆದದ್ದು ಇದಕ್ಕೇ.

ಪ್ರಸಂಗವನ್ನು ಬೆರೋಯದವರ ಹಾಗೆ ಕೇಳಿ

ಅಪೊಸ್ತಲರ ಕೃತ್ಯಗಳು 17:11ರಲ್ಲಿ ಬೆರೋಯ ಎಂಬ ಊರಿನವರ ಬಗ್ಗೆ ಎರಡು ವಿಷಯ ಹೇಳಿದೆ. ಅವರು ವಾಕ್ಯವನ್ನು ಸಿದ್ಧಮನಸ್ಸಿನಿಂದ ತೆಗೆದುಕೊಂಡರು. ಪೌಲನು ಹೇಳಿದ್ದು ಹೌದೋ ಅಲ್ಲವೋ ಎಂದು ದಿನಾಲೂ ಶಾಸ್ತ್ರಗಳನ್ನು ಹುಡುಕಿ ನೋಡಿದರು. ಎರಡನೆಯದನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಮೊದಲನೆಯದು ಮರೆತುಹೋಗುತ್ತದೆ. ಆಸೆಯಿಂದ ಕೇಳದವನು ಪರೀಕ್ಷಿಸಲು ಕೂತರೆ ತಪ್ಪು ಮಾತ್ರ ಸಿಗುತ್ತದೆ.

ಮಾಡುವುದು ಹೀಗೆ. ಪ್ರಸಂಗದ ಹೊತ್ತಿಗೆ ಸತ್ಯವೇದ ತೆರೆದಿರಲಿ. ಓದಿದ ಭಾಗದ ಹಿಂದಿನ ಹತ್ತು ವಚನ, ಮುಂದಿನ ಹತ್ತು ವಚನದ ಮೇಲೆ ಕಣ್ಣಾಡಿಸಿ. ಮನೆಗೆ ಬಂದು ಕೇಳಿಕೊಳ್ಳಿ: ಪ್ರಸಂಗದ ಮುಖ್ಯ ಮಾತು ಈ ಭಾಗದಿಂದಲೇ ಬಂತಾ, ಅಥವಾ ವಚನ ಓದಿ ಬದಿಗಿಟ್ಟು ಬೇರೆ ಏನೋ ಹೇಳಿದರಾ? ಹಣ, ಆರೋಗ್ಯ, ಯಶಸ್ಸಿನ ಮಾತು ಬಂದಾಗ ಇದನ್ನು ಇನ್ನೂ ಜಾಗ್ರತೆಯಿಂದ ಮಾಡಿ. 'ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನು' ಎಂಬ ಫಿಲಿಪ್ಪಿ 4:13ರ ಮಾತು ಗೆಲುವಿನ ಘೋಷಣೆಯ ಹಾಗೆ ಎಲ್ಲ ಕಡೆ ಓಡಾಡುತ್ತದೆ. ಅದರ ಹಿಂದಿನ ಎರಡು ವಚನ ಓದಿ. ಪೌಲನು ಹಸಿದಿರುವುದನ್ನೂ ತೃಪ್ತನಾಗಿರುವುದನ್ನೂ ಕಲಿತಿದ್ದೇನೆ ಎನ್ನುತ್ತಿದ್ದಾನೆ. ಬರೆಯುವಾಗ ಅವನು ಸೆರೆಯಲ್ಲಿದ್ದ.

ಸಂಶಯ ಬಂದರೆ ಸಭಾಪಾಲಕರನ್ನೇ ಕೇಳಿ. 'ಅಯ್ಯನವರೇ, ನೀವು ಹೇಳಿದ್ದು ಈ ವಚನದಲ್ಲಿ ನನಗೆ ಕಾಣಿಸಲಿಲ್ಲ, ಸ್ವಲ್ಪ ತೋರಿಸಿಕೊಡುತ್ತೀರಾ?' ಇಷ್ಟೇ ಸಾಕು. ಅಪೊಲ್ಲೋಸ ಎಂಬ ಬೋಧಕನ ಬೋಧನೆಯಲ್ಲಿ ಕೊರತೆ ಕಂಡಾಗ ಪ್ರಿಸ್ಕಿಲ್ಲಳೂ ಅಕ್ವಿಲನೂ ಅವನನ್ನು ತಮ್ಮಲ್ಲಿಗೆ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಚೆನ್ನಾಗಿ ವಿವರಿಸಿದರು. ಪ್ರಸಂಗದ ಒಂದು ತುಣುಕನ್ನು ಕತ್ತರಿಸಿ ಊರಿಗೆಲ್ಲ ಹಂಚುವುದು ಆ ದಾರಿಯಲ್ಲ.

ಆರಾಧನೆಯಲ್ಲಿ ವಾಕ್ಯ ಓದುವುದಕ್ಕೇ ಸಮಯ ಕೊಡಿ

ಇದು ಸಭಾಪಾಲಕರಿಗೂ ಹಿರಿಯರಿಗೂ. ನಿಮ್ಮ ಮುಂದಿನ ಆರಾಧನೆಯಲ್ಲಿ ಬರೀ ವಾಕ್ಯ ಓದುವುದಕ್ಕೆ ಎಷ್ಟು ನಿಮಿಷ ಹೋಯಿತು, ಪ್ರಕಟಣೆಗಳಿಗೆ ಎಷ್ಟು ಹೋಯಿತು ಅಂತ ಒಮ್ಮೆ ಗಡಿಯಾರ ನೋಡಿ.

ನೆಹೆಮೀಯ 8ರಲ್ಲಿ ಎಜ್ರನು ನೀರುಬಾಗಿಲಿನ ಮುಂದೆ ಮರದ ಪೀಠದ ಮೇಲೆ ನಿಂತು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರ ಓದಿದ. ಗಂಡಸರು, ಹೆಂಗಸರು, ತಿಳಿಯಬಲ್ಲ ಮಕ್ಕಳು ಎಲ್ಲರೂ ಇದ್ದರು. ಲೇವಿಯರು ಜನರಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು. ಜನ ಅತ್ತರು. ಅಳಬೇಡಿ ಅಂತ ಸಮಾಧಾನ ಮಾಡಿ ನಾಯಕರು ಹೇಳಿದ್ದೇನು ಗೊತ್ತಾ? ಹೋಗಿ ಊಟ ಮಾಡಿ, ಏನೂ ಇಲ್ಲದವರಿಗೂ ಪಾಲು ಕಳಿಸಿಕೊಡಿ. ಓದಿದ ದಿನವೇ ಬಡವನ ಮನೆಗೆ ಊಟ ಹೋಯಿತು.

ಸುಮಾರು ಕ್ರಿ.ಶ. 155ರಲ್ಲಿ ಹುತಾತ್ಮ ಜಸ್ಟಿನ್ ರೋಮ್ ಚಕ್ರವರ್ತಿಗೆ ಬರೆದ ಮನವಿಯಲ್ಲಿ ಕ್ರೈಸ್ತರ ಭಾನುವಾರದ ಕೂಟ ಹೇಗಿರುತ್ತದೆ ಎಂದು ವಿವರಿಸಿದ್ದಾನೆ. ಅಪೊಸ್ತಲರ ನೆನಪುಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯ ಇರುವಷ್ಟು ಹೊತ್ತು ಓದುತ್ತಾರೆ. ಆಮೇಲೆ ಮುಖ್ಯಸ್ಥನ ಬೋಧನೆ, ಎಲ್ಲರ ಪ್ರಾರ್ಥನೆ, ರೊಟ್ಟಿ ಮತ್ತು ದ್ರಾಕ್ಷಾರಸ. ಬರಲಾಗದವರಿಗೆ ಅದನ್ನು ತೆಗೆದುಕೊಂಡು ಹೋಗಿ ಕೊಡುತ್ತಾರೆ. ಕಾಣಿಕೆಯ ಹಣ ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿರುವವರಿಗೆ, ಪರಸ್ಥಳದಿಂದ ಬಂದವರಿಗೆ. ಒಂದೇ ಕೂಟದಲ್ಲಿ ಎಲ್ಲವೂ ಇತ್ತು.

ಓದುವವರನ್ನು ಒಂದು ವಾರ ಮೊದಲೇ ಗೊತ್ತುಮಾಡಿ. ಅವರು ಮನೆಯಲ್ಲಿ ಗಟ್ಟಿಯಾಗಿ ಎರಡು ಸಲ ಓದಿಕೊಂಡು ಬರಲಿ. ಹೆಸರುಗಳ ಉಚ್ಚಾರಣೆ ನೋಡಿಕೊಳ್ಳಲಿ. ಓದುವಾಗ ಹಿನ್ನೆಲೆ ಸಂಗೀತ ಬೇಡ. ಹಳೆ ಒಡಂಬಡಿಕೆಯಿಂದ ಒಂದು, ಪತ್ರಗಳಿಂದ ಒಂದು, ಸುವಾರ್ತೆಯಿಂದ ಒಂದು ಭಾಗ ಓದಿಸಿದರೆ ಬಹಳ ಒಳ್ಳೆಯದು. ಇದನ್ನು ಶತಮಾನಗಳಿಂದ ಬಿಡದೆ ಮಾಡಿಕೊಂಡು ಬಂದ ಸಭೆಗಳಿವೆ. ಅವರಿಂದ ಕಲಿಯಲು ನಾಚಿಕೆ ಬೇಡ.

ಪ್ರೀತಿಸಬೇಕಾದವರ ಪಟ್ಟಿ ಮಾಡಿ

ಯೇಸು ಹೊಸ ಆಜ್ಞೆ ಕೊಟ್ಟ ರಾತ್ರಿ ಶಿಷ್ಯರ ಕಾಲು ತೊಳೆದ. ಆ ಕಾಲುಗಳಲ್ಲಿ ಯೂದನ ಕಾಲೂ ಇತ್ತು. ಅವನು ತನ್ನನ್ನು ಹಿಡಿದುಕೊಡಲಿದ್ದಾನೆ ಅಂತ ಗೊತ್ತಿದ್ದೇ ತೊಳೆದ. ಇನ್ನು ಕೆಲವೇ ಗಂಟೆಗಳಲ್ಲಿ ಈತ ಯಾರೋ ನನಗೆ ಗೊತ್ತಿಲ್ಲ ಅನ್ನಲಿದ್ದ ಪೇತ್ರನ ಕಾಲನ್ನೂ ತೊಳೆದ. ಆಮೇಲೆ ಹೇಳಿದ್ದು: ನಾನು ನಿಮ್ಮನ್ನು ಪ್ರೀತಿಸಿದ ಹಾಗೆ ನೀವೂ ಒಬ್ಬರನ್ನೊಬ್ಬರು ಪ್ರೀತಿಸಿ, ಇದರಿಂದಲೇ ನೀವು ನನ್ನ ಶಿಷ್ಯರೆಂದು ಎಲ್ಲರಿಗೂ ತಿಳಿಯುತ್ತದೆ. ಗುರುತಿಗೆ ಬೇರೆ ಯಾವುದನ್ನೂ ಆತ ಕೊಡಲಿಲ್ಲ.

ಈ ಪ್ರೀತಿಗೆ ಕೈಕಾಲು ಬರಬೇಕಾದರೆ ಕೂತು ಪಟ್ಟಿ ಮಾಡಬೇಕು. ಸಭೆಯ ಹಾಜರಿಯನ್ನು ನೆನಪಿಗೆ ತಂದುಕೊಳ್ಳಿ. ಮೂರು ತಿಂಗಳಿಂದ ಕಾಣಿಸದವರು ಯಾರು? ಆರಾಧನೆ ಮುಗಿದ ತಕ್ಷಣ ಯಾರ ಜೊತೆಗೂ ಮಾತಾಡದೆ ಹೊರಟುಹೋಗುವವರು ಯಾರು? ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡು ಮೊದಲ ಎರಡು ವಾರದ ಭೇಟಿಗಳು ಮುಗಿದ ಮೇಲೆ ಒಂಟಿಯಾದವರು ಯಾರು? ಕೆಲಸ ಹೋದವರು, ಮನೆಯಲ್ಲಿ ಬಹುಕಾಲದ ರೋಗಿಯನ್ನು ನೋಡಿಕೊಳ್ಳುವವರು, ಮದುವೆ ಮುರಿದ ಮೇಲೆ ಹಿಂದಿನ ಬೆಂಚಿಗೆ ಸರಿದವರು? ಮತ್ತು ಇನ್ನೊಂದು, ಬಹಳ ಕಷ್ಟದ್ದು: ನಿಮಗೆ ಇಷ್ಟವಾಗದವರು ಯಾರು?

ಇಬ್ಬರು ಮೂವರು ಸೇರಿ ಈ ಹೆಸರುಗಳನ್ನು ಹಂಚಿಕೊಳ್ಳಿ. ಒಬ್ಬೊಬ್ಬರಿಗೆ ಎರಡು ಹೆಸರಿಗಿಂತ ಜಾಸ್ತಿ ಬೇಡ. ಫೋನ್ ಮಾಡಿದಾಗ 'ಯಾಕೆ ಚರ್ಚಿಗೆ ಬರುತ್ತಿಲ್ಲ?' ಅಂತ ಶುರುಮಾಡಬೇಡಿ. ಅದು ಹಾಜರಿ ಕೇಳಿದ ಹಾಗೆ. 'ಹೇಗಿದ್ದೀರಿ? ನಿಮ್ಮ ನೆನಪಾಯಿತು' ಅನ್ನಿ. ನೋಡಲು ಹೋದರೆ ಹೆಚ್ಚು ಹೊತ್ತು ಕೇಳಿ, ಕಡಿಮೆ ಮಾತಾಡಿ. ಯೋಬನ ಮೂವರು ಸ್ನೇಹಿತರು ಮೊದಲ ಏಳು ದಿನ ಬಾಯಿ ತೆರೆಯದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದು. ಕೆಟ್ಟದ್ದು ಅವರು ಮಾತಾಡಲು ಶುರುಮಾಡಿದ ಮೇಲೆ. ಬಟ್ಟೆ, ಊಟ ಇಲ್ಲದವರಿಗೆ 'ಸಮಾಧಾನದಿಂದ ಹೋಗಿ' ಅಂತ ಬರೀ ಆಶೀರ್ವಾದ ಹೇಳುವುದರಿಂದ ಏನು ಪ್ರಯೋಜನ ಎಂದು ಯಾಕೋಬನು ಕೇಳುತ್ತಾನೆ. ಹಾಗಾಗಿ ಪ್ರಾರ್ಥನೆ ಮಾಡಿ ಎದ್ದುಬರುವ ಮುಂಚೆ ಏನು ಬೇಕಾಗಿದೆ ಅಂತಲೂ ಕೇಳಿ.

ಸಭೆಯಲ್ಲಿ ಯಾರಾದರೂ 'ನಮ್ಮನ್ನು ಕಡೆಗಣಿಸುತ್ತಿದ್ದಾರೆ' ಅಂದರೆ ಗೊಣಗಾಟ ಅಂತ ತಳ್ಳಿಹಾಕಬೇಡಿ. ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಪಾಲು ತಪ್ಪುತ್ತಿದೆ ಎಂಬ ದೂರು ಬಂತು. ಅಪೊಸ್ತಲರು ಎಲ್ಲರನ್ನೂ ಕರೆದು ಏಳು ಜನರನ್ನು ಆರಿಸಿ ಅಂದರು. ಆರಿಸಿದ ಏಳು ಹೆಸರುಗಳನ್ನು ಓದಿ ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಎಲ್ಲವೂ ಗ್ರೀಕ್ ಹೆಸರುಗಳು. ನೋವುಂಡ ಕಡೆಯವರ ಕೈಗೇ ಹಂಚಿಕೆ ಒಪ್ಪಿಸಿದ ಹಾಗಿದೆ. ಇಷ್ಟು ಧಾರಾಳ ಇವತ್ತಿನ ಸಮಿತಿಗಳಲ್ಲೂ ಬರಲಿ ಅಂತ ನಾನು ಮನಸ್ಸಾರೆ ಬಯಸುತ್ತೇನೆ.

ಜಗಳ ಬಂದಾಗ

ಸಭೆ ಒಡೆಯುವುದು ಸಾಮಾನ್ಯವಾಗಿ ಬೋಧನೆಯ ಹೆಸರಲ್ಲಿ. ಒಳಗೆ ನೋಡಿದರೆ ಎಷ್ಟೋ ಸಲ ಇಬ್ಬರ ನಡುವೆ ಬಗೆಹರಿಯದೆ ಉಳಿದ ಮಾತು ಇರುತ್ತದೆ. ಮತ್ತಾಯ 18:15ರಿಂದ ಯೇಸು ಇದಕ್ಕೆ ನೇರ ಕ್ರಮ ಕೊಟ್ಟಿದ್ದಾನೆ. ಮೊದಲು ನೀನೂ ಅವನೂ ಇಬ್ಬರೇ ಇರುವಾಗ ಹೋಗಿ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು.

ನಾವು ಮಾಡುವುದು ಮೂರನೆಯದನ್ನು ಮೊದಲು. ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಸರು ಹೇಳದೆ ಒಂದು ವಚನ ಹಾಕುತ್ತೇವೆ. ಯಾರಿಗೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಅಥವಾ 'ಪ್ರಾರ್ಥನೆಗಾಗಿ ಹೇಳುತ್ತಿದ್ದೇನೆ' ಅಂತ ಮೂರನೆಯವರ ಹತ್ತಿರ ಎಲ್ಲ ಬಿಚ್ಚಿಡುತ್ತೇವೆ. ಇದನ್ನು ಇವತ್ತೇ ನಿಲ್ಲಿಸಬಹುದು.

ಹೋಗುವ ಮುಂಚೆ ನಿಮ್ಮ ಪಾಲಿನ ತಪ್ಪೇನು ಅಂತ ಬರೆದುಕೊಳ್ಳಿ. ಭೇಟಿಯಾದಾಗ ಅದನ್ನೇ ಮೊದಲು ಹೇಳಿ. ಆಮೇಲೆ ನಡೆದದ್ದನ್ನು ಹೇಳಿ, ಅವರ ಸ್ವಭಾವವನ್ನಲ್ಲ. 'ನೀವು ಯಾವಾಗಲೂ ಹೀಗೆಯೇ' ಅನ್ನುವುದಕ್ಕೂ 'ಹೋದ ಭಾನುವಾರ ಎಲ್ಲರ ಮುಂದೆ ಹಾಗಂದದ್ದು ನನಗೆ ನೋವಾಯಿತು' ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ಹೇಳಿ ಮುಗಿಸಿ ಸುಮ್ಮನಾಗಿ. ಅವರು ಹೇಳುವುದನ್ನು ಕೊನೆಯವರೆಗೆ ಕೇಳಿ. ಮೆಸೇಜಿನಲ್ಲಿ ಇದು ಆಗುವುದಿಲ್ಲ. ಮುಖ ನೋಡಿ ಮಾತಾಡಬೇಕು.

ಈ ಕ್ರಮ ಯಾವುದರ ಮಧ್ಯೆ ಬಂದಿದೆ ಅನ್ನುವುದನ್ನೂ ನೋಡಿ. ಅದಕ್ಕೆ ಮೊದಲು ನೂರು ಕುರಿಗಳಲ್ಲಿ ತಪ್ಪಿಹೋದ ಒಂದನ್ನು ಹುಡುಕಿಕೊಂಡು ಹೋದವನ ಸಾಮ್ಯ ಇದೆ. ಆಮೇಲೆ ಎಷ್ಟು ಸಲ ಕ್ಷಮಿಸಬೇಕು ಎಂಬ ಪೇತ್ರನ ಪ್ರಶ್ನೆ, ದೊಡ್ಡ ಸಾಲ ಮನ್ನಾ ಮಾಡಿಸಿಕೊಂಡು ಚಿಕ್ಕ ಸಾಲಕ್ಕೆ ಕುತ್ತಿಗೆ ಹಿಡಿದ ಆಳಿನ ಕಥೆ. ಸಹೋದರನನ್ನು ಗೆದ್ದುಕೊಳ್ಳುವುದೇ ಗುರಿ. ಕೊನೆಗೂ ಕೇಳದವನು ನಿನಗೆ ಅನ್ಯನಂತೆಯೂ ಸುಂಕದವನಂತೆಯೂ ಇರಲಿ ಎಂಬ ಮಾತನ್ನು ಬರೆದಿಟ್ಟಿರುವ ಸುವಾರ್ತೆಗೆ ಸುಂಕದ ಕಟ್ಟೆಯಿಂದ ಎದ್ದುಬಂದ ಮತ್ತಾಯನದೇ ಹೆಸರು. ಶಿಸ್ತು ಬೇಕು. ಜೊತೆಗೆ ಬಾಗಿಲೂ ತೆರೆದಿರಬೇಕು.

ಇಲ್ಲಿ ಒಂದು ಮಾತನ್ನು ಬಹಳ ಸ್ಪಷ್ಟವಾಗಿ ಹೇಳಬೇಕು. ಮಗುವಿನ ಮೇಲೆ ದೌರ್ಜನ್ಯ, ಮನೆಯಲ್ಲಿ ಹೊಡೆತ, ಲೈಂಗಿಕ ಕಿರುಕುಳ, ಇಂಥ ವಿಷಯದಲ್ಲಿ ನೊಂದವರನ್ನು 'ಒಬ್ಬರೇ ಹೋಗಿ ಮಾತಾಡಿ' ಎಂದು ಕಳಿಸಬೇಡಿ. ಮತ್ತಾಯ 18 ಅದಕ್ಕಾಗಿ ಇರುವುದಲ್ಲ. ಅದೇ ಅಧ್ಯಾಯದ ಆರಂಭದಲ್ಲಿ ಚಿಕ್ಕವರಲ್ಲಿ ಒಬ್ಬನಿಗೆ ಅಡ್ಡಿಯಾಗುವವನ ಕುತ್ತಿಗೆಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಅವನಿಗೆ ಮೇಲು ಎಂದು ಯೇಸು ಹೇಳಿದ್ದಾನೆ. ಮೊದಲು ನೊಂದವರನ್ನು ಸುರಕ್ಷಿತ ಜಾಗಕ್ಕೆ ಸೇರಿಸಿ. ಪೊಲೀಸರಿಗೆ ತಿಳಿಸಿ. ಕೆಟ್ಟದ್ದನ್ನು ದಂಡಿಸಲು ಅಧಿಕಾರವನ್ನು ದೇವರೇ ಇಟ್ಟಿದ್ದಾನೆಂದು ರೋಮಾಪುರದವರಿಗೆ 13ರಲ್ಲಿ ಇದೆ. ಸಭೆಯ ಹೆಸರು ಉಳಿಸಲು ಮುಚ್ಚಿಡುವುದನ್ನು ಪ್ರೀತಿ ಅಂತ ಕರೆಯಬಾರದು. ಕ್ಷಮೆಯ ಮಾತೆತ್ತಿ ನೊಂದವರ ಬಾಯಿ ಮುಚ್ಚಿಸುವುದು ವಾಕ್ಯದ ದುರ್ಬಳಕೆ.

ಕಾಣಿಕೆ ಎಲ್ಲಿಗೆ ಹೋಗುತ್ತದೆ

ಕ್ರಿ.ಶ. 361ರಿಂದ 363ರವರೆಗೆ ಆಳಿದ ರೋಮ್ ಚಕ್ರವರ್ತಿ ಜೂಲಿಯನ್ ಕ್ರೈಸ್ತ ನಂಬಿಕೆಯ ವಿರೋಧಿ. ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ಎತ್ತಿ ನಿಲ್ಲಿಸಲು ನೋಡಿದವನು. ಅವನೇ ತನ್ನ ಪೂಜಾರಿಯೊಬ್ಬನಿಗೆ ಪತ್ರದಲ್ಲಿ ಬೇಸರಪಟ್ಟುಕೊಂಡಿದ್ದಾನೆ: ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದ ಹೆಸರು) ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮವರನ್ನೂ ಸಾಕುತ್ತಿದ್ದಾರೆ. ವಿರೋಧಿಯ ಕಣ್ಣಿಗೆ ಬಿದ್ದದ್ದು ಅದು.

ಸಭೆಯ ಲೆಕ್ಕ ತೆಗೆದು ಈ ಒಂದು ವರ್ಷದಲ್ಲಿ ಕಟ್ಟಡಕ್ಕೆ, ಧ್ವನಿವರ್ಧಕಕ್ಕೆ, ಕಾರ್ಯಕ್ರಮಗಳಿಗೆ ಎಷ್ಟು ಹೋಯಿತು, ಕಷ್ಟದಲ್ಲಿರುವವರಿಗೆ ಎಷ್ಟು ಹೋಯಿತು ಅಂತ ಹಿರಿಯರು ಒಟ್ಟಿಗೆ ಕೂತು ನೋಡಲಿ. ಬಡವರಿಗಾಗಿ ಬೇರೆಯೇ ಒಂದು ಪಾಲು ತೆಗೆದಿಡುವುದು ಒಳ್ಳೆಯದು. ಅದನ್ನು ಕೊಡುವಾಗ ಫೋಟೋ ಬೇಡ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂಬ ಮಾತು ಮೊಬೈಲ್ ಕ್ಯಾಮೆರಾಕ್ಕೂ ಅನ್ವಯಿಸುತ್ತದೆ. ಆದರೆ ಲೆಕ್ಕ ಮಾತ್ರ ಎಲ್ಲರಿಗೂ ತೆರೆದಿರಲಿ. ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣ ಸಾಗಿಸುವಾಗ ಪೌಲನು ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಯಾರೂ ತಪ್ಪು ಹೊರಿಸದಿರಲಿ ಎಂದು ಸಭೆಗಳೇ ಆರಿಸಿದವನನ್ನು ಜೊತೆಗೆ ಇಟ್ಟುಕೊಂಡ (2 ಕೊರಿಂಥ 8:19-21). ಲೆಕ್ಕ ಕೇಳಿದರೆ ನಂಬಿಕೆ ಇಲ್ಲ ಅಂತ ಅರ್ಥ ಮಾಡಬೇಡಿ.

ಕರ್ತನ ಮೇಜಿಗೆ ಬರುವ ಮುಂಚೆ

ಕೊರಿಂಥದಲ್ಲಿ ಉಳ್ಳವರು ಮೊದಲು ಬಂದು ತಿಂದು ಕುಡಿದು ಮುಗಿಸುತ್ತಿದ್ದರು. ಇಲ್ಲದವರು ಹಸಿದೇ ಇರುತ್ತಿದ್ದರು. ನೀವು ಮಾಡುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದು ಪೌಲನು ಗದರಿದ. ನಮ್ಮನ್ನು ನಾವು ಪರೀಕ್ಷಿಸಿಕೊಳ್ಳಬೇಕು ಎಂಬ ಮಾತು ಬರುವುದು ಈ ಹಿನ್ನೆಲೆಯಲ್ಲಿ. ಹಾಗಾಗಿ ರೊಟ್ಟಿ ತೆಗೆದುಕೊಳ್ಳುವ ಭಾನುವಾರಕ್ಕೆ ಮುಂಚಿನ ವಾರವನ್ನೇ ಸಮಾಧಾನದ ವಾರ ಮಾಡಿಕೊಳ್ಳಿ. ಸಭಾಪಾಲಕರು ಹಿಂದಿನ ಭಾನುವಾರವೇ ನೆನಪಿಸಲಿ. ಫೋನ್ ಮಾಡಬೇಕಾದವರಿಗೆ ಆ ವಾರ ಮಾಡಿ, ಹೋಗಬೇಕಾದ ಮನೆಗೆ ಆ ವಾರ ಹೋಗಿ.

ಸಭೆ ಒಪ್ಪದೆ ಹೋದರೆ

ಇದನ್ನೆಲ್ಲ ಶುರುಮಾಡಿದವರಿಗೆ ಎರಡು ಅಪಾಯ. ಒಂದು, 'ನಾವು ಮಾತ್ರ ವಾಕ್ಯಕ್ಕೆ ಹಿಂದಿರುಗಿದವರು' ಎಂಬ ಹೆಮ್ಮೆ. ಜ್ಞಾನ ಉಬ್ಬಿಸುತ್ತದೆ, ಪ್ರೀತಿ ಕಟ್ಟುತ್ತದೆ ಎಂದು ಪೌಲನು ಕೊರಿಂಥದವರಿಗೆ ಬರೆದ. ನಿಮ್ಮ ಓದುವ ಗುಂಪು ಸಭೆಯೊಳಗೊಂದು ಸಭೆ ಆಗುತ್ತಿದೆ ಅನ್ನಿಸಿದರೆ ಓದನ್ನು ಸ್ವಲ್ಪ ನಿಲ್ಲಿಸಿ, ಸಭೆಯ ಕಸ ಗುಡಿಸುವ, ಕುರ್ಚಿ ಜೋಡಿಸುವ ಕೆಲಸ ಕೇಳಿ ಪಡೆಯಿರಿ.

ಇನ್ನೊಂದು, ಯಾರೂ ಕಿವಿಗೊಡದಿದ್ದಾಗ ಬರುವ ಕಹಿ. ಸಭಾಪಾಲಕರ ಹತ್ತಿರ ದೂರಿನ ಪಟ್ಟಿ ತೆಗೆದುಕೊಂಡು ಹೋಗಬೇಡಿ. 'ಮುಂದಿನ ತಿಂಗಳು ಆರಾಧನೆಯಲ್ಲಿ ವಾಕ್ಯ ಓದುವ ಕೆಲಸ ನಾವು ನಾಲ್ಕು ಜನ ವಹಿಸಿಕೊಳ್ಳುತ್ತೇವೆ, ಆಗಬಹುದಾ?' ಅಂತ ಕೇಳಿ. ಬೇಡ ಅಂದರೂ ಮನೆಯಲ್ಲಿ ಓದುವುದನ್ನು, ಒಂಟಿಯಾದವರನ್ನು ನೋಡಲು ಹೋಗುವುದನ್ನು ಯಾರೂ ತಡೆಯುವುದಿಲ್ಲ. ಒಂದು ವರ್ಷವಾದರೂ ಹಾಗೆ ಮಾಡಿ ನೋಡಿ.

ಸಭೆ ಬಿಡಲೇಬೇಕಾದ ಸಂದರ್ಭಗಳೂ ಇವೆ. ಸುವಾರ್ತೆಯನ್ನೇ ಅಲ್ಲಗಳೆಯುವ ಬೋಧನೆ, ಅಪರಾಧ ಮುಚ್ಚಿಡುವ ನಾಯಕತ್ವ, ಮಕ್ಕಳಿಗೋ ಹೆಂಗಸರಿಗೋ ಅಪಾಯ ಇರುವ ಜಾಗ. ಹಾಡಿನ ರೀತಿ ಇಷ್ಟವಾಗಲಿಲ್ಲ ಅನ್ನುವುದು ಆ ಸಾಲಿಗೆ ಸೇರುವುದಿಲ್ಲ. ಬಿಡುವುದಾದರೆ ಕಾರಣವನ್ನು ಹಿರಿಯರಿಗೆ ಮುಖಾಮುಖಿ ಹೇಳಿ ಹೊರಡಿ. ಎದುರು ಕೂರುವುದೇ ಅಪಾಯ ಅನ್ನಿಸಿದರೆ ಬರೆದು ಕೊಡಿ. ನಿಮ್ಮ ಪಟ್ಟಿಯಲ್ಲಿದ್ದ ಆ ಎರಡು ಹೆಸರುಗಳಿಗೆ ಫೋನ್ ಮಾಡುವುದನ್ನು ಮಾತ್ರ ಮುಂದುವರಿಸಿ. ಅವರು ಇನ್ನೂ ಆ ಹಿಂದಿನ ಬೆಂಚಿನಲ್ಲೇ ಕೂತಿರುತ್ತಾರೆ.